ಹುರುಳಿತಿಟ್ಟಿನ ನಾಲ್ಕಯ್ಯನವರ ಸ್ವಾಧೀನಾನುಭವ

ಹುರುಳಿತಿಟ್ಟಿನ ಕಾಯಂ ನಿವಾಸಿಗಳಾದ ಶ್ರೀ ನಾಲ್ಕಯ್ಯನವರು ತೀರಿಕೊಂಡು ಸುಮಾರು ಮೂರೂವರೆ ಸಾವಿರ ವರ್ಷಗಳಾಗಿದ್ದರೂ ಅವರ ಜಮೀನಿನ ವಿಷಯ ಈ ಬೇಸಿಗೆಯವರೆಗೆ ಇತ್ಯರ್ಥವಾಗಿರಲಿಲ್ಲ. ಈ ವಿಳಂಬಕ್ಕಾಗಿ ಸಂಬಂಧಪಟ್ಟ ಕಚೇರಿಯು ಲಿಖಿತವಾಗಿ ವಿಷಾದ ವ್ಯಕ್ತಪಡಿಸಿದೆ. ವಿಷಾದ ಪತ್ರವನ್ನು ಅವರ ಬಲಗೈ ಮೂಳೆಯ ಪಕ್ಕದಲ್ಲಿ ಕಲ್ಲು ಹೇರಿ ಇಡಲಾಗಿದೆ, ಗಾಳಿಗೆ ಹಾರಬಾರದಲ್ಲ.

ಹುರುಳಿತಿಟ್ಟು ಅಂದರೆ ಕಪಿಲಾ ಹೊಳೆಯ ನಡುವಿನ ಒಂದು ಗಡ್ಡೆ. ನಂಜನಗೂಡು ದಾಟಿದ ಹೊಳೆ ಟಿ. ನರಸೀಪುರದಲ್ಲಿ ಕಾವೇರಿಗೆ ಸೇರುವ ಮೊದಲು, ಸೇರಲೋ ಬೇಡವೋ ಅಂತ ಒಂದು ಕಡೆ ಎರಡು ಮನಸ್ಸು ಮಾಡಿ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಆ ಎರಡು ಮನಸ್ಸಿನ ಮಧ್ಯೆ ಉಳಿದ ನೆಲವೇ ತಿಟ್ಟು. ಈ ದಡದವರನ್ನು ಕೇಳಿದರೆ ಅದು ಆ ತಾಲ್ಲೂಕಿಗೆ ಸೇರಿದ್ದು ಅನ್ನುತ್ತಿದ್ದರು, ಆ ದಡದವರು ಈ ತಾಲ್ಲೂಕು ಅನ್ನುತ್ತಿದ್ದರು. ಕೊನೆಗೆ ಇದೊಂದೇ ತಿಟ್ಟಿಗಾಗಿ 'ನದೀಮಧ್ಯ ಜಮೀನು ಇತ್ಯರ್ಥ ವಿಶೇಷ ಕಚೇರಿ' ಎಂಬುದನ್ನು ಹುಟ್ಟಿಸಿ, ನಂಜನಗೂಡಿನ ಹಳೇ ಅಕ್ಕಿ ಮಿಲ್ಲೊಂದರ ಮಾಳಿಗೆಯಲ್ಲಿ ಕೂರಿಸಲಾಯಿತು. ಅದಕ್ಕೆ ವಿಶೇಷಾಧಿಕಾರಿ ಗುರುಪ್ರಸಾದ್ ಸಾಹೇಬರು. ಅವರ ಕೈಕೆಳಗೆ ಸ್ಥಳ ಪರಿಶೀಲನೆಯ ಅಮೃತೇಶ. ಮೆಟ್ಟಿಲ ಕೆಳಗೆ, ಅರ್ಜಿ ಬರೆದುಕೊಡುವ ನಾನು. ಮೆಟ್ಟಿಲ ಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಕೆಳಗೆ ನಡೆದದ್ದಕ್ಕೆ ಸಾಕ್ಷಿಗಳಿಲ್ಲ.

ಗುರುಪ್ರಸಾದ್ ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಷ್ಟು ಪ್ರಾಮಾಣಿಕ ಅಧಿಕಾರಿಯನ್ನು ನಾನು ಕಂಡಿಲ್ಲ. ಯಾರಿಂದಲೂ ಒಂದು ಲೋಟ ಎಳನೀರು ಮುಟ್ಟಿದವರಲ್ಲ. ಕಣ್ಣಿಗೆ ಕಂಡದ್ದನ್ನು ಅವರು ನಂಬುತ್ತಿರಲಿಲ್ಲ, ಅಷ್ಟೆ. ಕಂಡದ್ದನ್ನು ಯಾರಾದರೂ ಬರೆದಿದ್ದರೆ ನಂಬುತ್ತಿದ್ದರು.

ತಿಟ್ಟಿನ ಮೇಲೆ ಆಗ ಇದ್ದದ್ದು ಒಂದೇ ಜೀವ, ಜವರಮ್ಮ. ಗಂಡ ಕೆಂಪಯ್ಯ ಇದ್ದಾಗಿನಿಂದಲೂ ಆಕೆ ಅಲ್ಲೇ ಸೌತೆ, ಕುಂಬಳ ಹಾಕಿಕೊಂಡು, ತೆಪ್ಪದಲ್ಲಿ ಹೇರಿಕೊಂಡು ಬಂದು ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಮಾರುತ್ತಿದ್ದರು. ಆ ನೆಲ ತನ್ನ ಹೆಸರಿಗೆ ಆಗಲಿ ಅನ್ನುವುದು ಅವರ ಬದುಕಿನ ಏಕಮಾತ್ರ ಅರ್ಜಿ. ಕೆಂಪಯ್ಯ ಬರೆಸಿದ, ಸತ್ತ. ಇವರು ಬರೆಸಿದರು, ಸಾಯಲಿಲ್ಲ. ಪ್ರತಿ ಸಲವೂ ನಿಯಮ ಏಳು ಅಡ್ಡ ಬರುತ್ತಿತ್ತು. ನಿಯಮ ಏಳು ಹೀಗಿದೆ:

"ನದೀಮಧ್ಯ ಜಮೀನಿನ ಹಕ್ಕುಪತ್ರ ಕೋರುವ ವ್ಯಕ್ತಿಯು ಸದರಿ ಜಮೀನಿನ ಮೇಲೆ ನಿರಂತರವಾಗಿ, ಅಡೆತಡೆಯಿಲ್ಲದೆ, ಮಳೆಗಾಲವೂ ಸೇರಿದಂತೆ ಒಂದು ದಿನವೂ ಬಿಟ್ಟು ಹೋಗದೆ ವಾಸವಿದ್ದು, ಸ್ಥಳ ಪರಿಶೀಲನೆಯ ವೇಳೆ ಖುದ್ದಾಗಿ ಸ್ಥಳದಲ್ಲಿ ಕಂಡುಬರತಕ್ಕದ್ದು."

"ಹೊಳೆ ಬಂದಾಗ ಎಲ್ಲಿರ್ತೀರಿ?" ಅಂತ ಸಾಹೇಬರು ಕೇಳಿದರು.

"ತಗಡೂರಾಗೆ ಮಗಳ ಮನೆಗೆ ಓಯ್ತೀನಿ ಸಾ. ನೀರು ಗುಡ್ಸಲ ಒಳೀಕೆ ಬಂದ್ಮೇಲೆ ಅಲ್ಲೇ ಕುಂತ್ಕಳಕಾಯ್ತದಾ?"

"ಹಾಗಾದ್ರೆ ಬಿಟ್ಟು ಹೋಗ್ತೀರಿ."

"ಜೀವ ಉಳುಸ್ಕಳಕೆ ಓಯ್ತೀನಿ."

"ಕಾರಣ ಕೇಳಲಿಲ್ಲಮ್ಮ. ಕಾರಣ ಬರೆಯೋದಕ್ಕೆ ಜಾಗ ಇಲ್ಲ. ಬಿಟ್ಟು ಹೋಗ್ತೀರೋ, ಇಲ್ವೋ?"

ಜವರಮ್ಮ ನಿಜ ಹೇಳುವ ಹೆಂಗಸು. ಹೀಗೆ ಕಡತ ಅಲ್ಲೇ ಕೂತಿತು.

ಇಂಥ ಹೊತ್ತಿನಲ್ಲಿ ತಿಟ್ಟಿಗೆ ಹೇಮಲತಾ ಮೇಡಂ ಬಂದರು. ಹಳೆಯ ಕಾಲದ ನೆಲೆಗಳನ್ನು ಅಗೆದು ನೋಡುವ ವಿದ್ವಾಂಸೆ. ಕೈಯಲ್ಲಿ ಅಗೆಯುವ ಪರವಾನಗಿ, ಜೊತೆಯಲ್ಲಿ ಹತ್ತಾರು ಕೂಲಿಯವರು, ಒಂದು ಡಬ್ಬಿ ತುಂಬ ಬ್ರಷ್ಷು. ಈ ಬ್ರಷ್ಷುಗಳಲ್ಲಿ ಅವರು ನೆಲಕ್ಕೆ ಪೌಡರ್ ಹಚ್ಚುವ ಹಾಗೆ ಮಣ್ಣು ತೆಗೆಯುತ್ತಿದ್ದರು. ಜವರಮ್ಮ ಮೊದಲ ದಿನ ನೋಡಿ, "ಅಮ್ಮಯ್ಯ, ಗುದ್ಲಿ ಕೊಡ್ಲಾ?" ಅಂತ ಕೇಳಿದ್ದರಂತೆ.

ಕಲ್ಲುಕೊಡಲಿ ಸಿಕ್ಕಿತು, ಬೂದು ಬಣ್ಣದ ಮಡಕೆ ಚೂರುಗಳು ಸಿಕ್ಕವು, ಕರಕಲಾದ ಹುರುಳಿಕಾಳು ಸಿಕ್ಕಿತು. ಕೊನೆಗೆ ಜವರಮ್ಮನ ಗುಡಿಸಲಿನ ಪಕ್ಕದಲ್ಲೇ, ಗಟ್ಟಿ ಮಾಡಿದ ಒಂದು ಹಳೇ ಮನೆಯ ನೆಲದ ಅಡಿಯಲ್ಲಿ, ಅಂಗಾತ ಮಲಗಿಸಿ ಹೂತ ಒಬ್ಬ ಮನುಷ್ಯ ಸಿಕ್ಕಿದ. ತಲೆಯ ಕೆಳಗೆ ಮಡಕೆಯದೊಂದು ದಿಂಬು. ಮೇಡಂ ಅಲ್ಲೊಂದು ಬೋರ್ಡು ನೆಟ್ಟರು: 'ಸಮಾಧಿ-೪'. ಮೊದಲಿನ ಮೂರರಲ್ಲಿ ಬರೀ ಮಡಕೆಗಳಿದ್ದವು.

ನೆಲ ಅಗೆದಿದ್ದಾರೆ ಅಂದಮೇಲೆ ಸ್ಥಳ ಪರಿಶೀಲನೆ ಆಗಬೇಕು. ಗುರುಪ್ರಸಾದ್ ಸಾಹೇಬರು, ಅಮೃತೇಶ, ಮಹಜರಿಗೆ ಸಾಕ್ಷಿಯಾಗಿ ನಾನು, ಮೂವರೂ ಹೊರಟೆವು. ಕಚೇರಿಗೆ ದೋಣಿ ಮಂಜೂರಾಗಿಲ್ಲವಾದ್ದರಿಂದ ಜವರಮ್ಮನೇ ತಮ್ಮ ತೆಪ್ಪದಲ್ಲಿ ನಮ್ಮನ್ನು ಕೂರಿಸಿಕೊಂಡು ದಾಟಿಸಿದರು. ಬಿಸಿಲು ಹೆಚ್ಚಿತ್ತು. ಇಳಿದ ತಕ್ಷಣ ಅಮೃತೇಶ, "ಜವರಮ್ಮ, ಆ ದಡದಿಂದ ನಾಲ್ಕು ಟೀ, ಬಿಸಿ ವಡೆ ಇದ್ರೆ ವಡೆ ತಂದ್ಬುಡಿ" ಅಂದ. ಅವರು ತೆಪ್ಪ ತಿರುಗಿಸಿಕೊಂಡು ಹೋದರು.

ಸಾಹೇಬರು ಕಡತ ಬಿಚ್ಚಿದರು. "ಸ್ಥಳದಲ್ಲಿ ಅರ್ಜಿದಾರರು ಕಂಡುಬಂದರೇ?"

ಅಮೃತೇಶ ಸುತ್ತಲೂ ನೋಡಿದ. ಸೌತೆಬಳ್ಳಿ ನೋಡಿದ. ಗುಡಿಸಲು ಇಣುಕಿದ. "ಇಲ್ಲ ಸಾ. ಜವರಮ್ಮ ಇಲ್ಲ."

"ಎಲ್ಲಿಗೆ ಹೋಗಿದ್ದಾರೆ?"

"ಟೀ ತರೋಕೆ ಸಾ."

"ಕಾರಣಕ್ಕೆ ಜಾಗ ಇಲ್ಲ ಅಂತ ಎಷ್ಟು ಸಲ ಹೇಳಬೇಕ್ರೀ? 'ಕಂಡುಬರಲಿಲ್ಲ' ಅಂತ ಬರೀರಿ. ಮತ್ತೆ ಯಾರು ಕಂಡುಬಂದರು?"

ಆಗ ಹೇಮಲತಾ ಮೇಡಂ ಗುಂಡಿಯ ಒಳಗಿಂದ ಉತ್ಸಾಹದಲ್ಲಿ ಕೂಗಿದರು. "ಸಾರ್, ಇಲ್ಲಿ ಬನ್ನಿ. ಇವರನ್ನು ನೋಡಿ. ಆ ಕಾಲದಲ್ಲಿ ಸತ್ತವರನ್ನು ಮನೆ ಹೊರಗೆ ತಗೊಂಡು ಹೋಗ್ತಾ ಇರಲಿಲ್ಲ, ಮನೆಯ ನೆಲದಲ್ಲೇ ಇಡ್ತಿದ್ರು. ಅಂದ್ರೆ ಇವರು ಇವತ್ತಿಗೂ ತಮ್ಮ ಸ್ವಂತ ಮನೆಯಲ್ಲೇ ಇದ್ದಾರೆ."

ವಿದ್ವಾಂಸರು ಸಂತೋಷದಲ್ಲಿ ಆಡುವ ಮಾತು ಅದು. ಆದರೆ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಇವರು ಇಲ್ಲಿ ಎಷ್ಟು ಕಾಲದಿಂದ ಇದ್ದಾರೆ?"

"ಇದ್ದಿಲು ಪರೀಕ್ಷೆಗೆ ಕಳಿಸಿದ್ವಿ. ಸುಮಾರು ಮೂರೂವರೆ ಸಾವಿರ ವರ್ಷ."

"ಅದಕ್ಕೆ ಪ್ರಯೋಗಾಲಯದ ಪತ್ರ ಇದೆಯೇ? ಮೊಹರು ಸಮೇತ?"

"ಇದೆ."

"ಮಧ್ಯದಲ್ಲಿ ಎಲ್ಲಿಗಾದರೂ ಹೋಗಿ ಬಂದಿದ್ದಾರೆಯೇ?"

ಮೇಡಂ ನಕ್ಕರು. ಸಾಹೇಬರು ನಗಲಿಲ್ಲ. ಮೇಡಂ ನಗು ನಿಲ್ಲಿಸಿ, "ಇಲ್ಲ. ಮಣ್ಣಿನ ಪದರ ಎಲ್ಲೂ ಕದಲಿಲ್ಲ" ಅಂದರು.

"ಪ್ರವಾಹ ಬಂದಾಗ?"

"ಪ್ರವಾಹದ ಮರಳು ಇವರ ಮೇಲೇ ಪದರ ಪದರವಾಗಿ ಕೂತಿದೆ. ಇವರು ಇದ್ದ ಹಾಗೇ ಇದ್ದಾರೆ."

ಸಾಹೇಬರು ನಿಧಾನವಾಗಿ ಎದ್ದು ನಿಂತರು. ಕಚೇರಿ ಶುರುವಾದಾಗಿನಿಂದ ನಿಯಮ ಏಳನ್ನು ಪೂರೈಸಿದ ಒಬ್ಬ ವ್ಯಕ್ತಿಯನ್ನು ಅವರು ಹುಡುಕುತ್ತಿದ್ದರು. ಈಗ ಸಿಕ್ಕಿದ. ಅವರ ಕಣ್ಣಲ್ಲಿ ನೀರಿತ್ತು ಅಂತ ಅಮೃತೇಶ ಹೇಳುತ್ತಾನೆ. ಧೂಳು ಅಂತ ನಾನು ಹೇಳುತ್ತೇನೆ.

"ಹೆಸರು?"

"ಬೋರ್ಡಲ್ಲಿ 'ಸಮಾಧಿ ನಾಲ್ಕು' ಅಂತದೆ ಸಾ."

"ತಂದೆ ಹೆಸರು ಮೊದಲು ಹಾಕಿದ್ದಾರೆ. ಸಮಾಧಿಯವರ ಮಗ ನಾಲ್ಕು. ಬರೀ ನಾಲ್ಕು ಅಂದರೆ ಹಿರಿಯರಿಗೆ ಅಗೌರವ. ಅಯ್ಯ ಸೇರಿಸಿ."

"ಸಾರ್, ಅದು ಹೆಸರಲ್ಲ, ಸಂಖ್ಯೆ" ಅಂತ ಮೇಡಂ ಗುಂಡಿಯಿಂದ ಮೇಲೆ ಹತ್ತಿ ಬಂದರು.

"ಮೇಡಂ, ಈಗ ನಮ್ಮನ್ನೆಲ್ಲ ಸರ್ಕಾರ ಗುರುತು ಹಿಡಿಯೋದು ಯಾವುದರಿಂದ?"

ಮೇಡಂ ಮತ್ತೆ ಗುಂಡಿಗೆ ಇಳಿದರು. ಅವರ ಪರವಾನಗಿಯ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಂದುವರಿಸಲು ಇದೇ ಸಾಹೇಬರ ಒಪ್ಪಿಗೆ ಬೇಕಿತ್ತು.

"ಬೆಳೆ?" "ಹುರುಳಿ ಸಾ, ಕರಕಲಾಗಿದೆ." "ಬೆಳೆ ಹಾನಿ ಅಂತ ಷರಾ ಹಾಕಿ." "ಆದ್ರೆ ಸಾ, ಇವರು ಅರ್ಜೀನೇ ಕೊಟ್ಟಿಲ್ವಲ್ಲ?" "ನಿಯಮ ಹನ್ನೊಂದು ಓದ್ರೀ. ಅರ್ಜಿ ಕೊಡಲಾಗದ ಅಶಕ್ತರ ಪರವಾಗಿ ಕಚೇರಿ ತಾನಾಗಿಯೇ ಕ್ರಮ ಕೈಗೊಳ್ಳಬಹುದು. ಇವರು ಅಶಕ್ತರು ಹೌದೋ ಅಲ್ಲವೋ?"

ಅಮೃತೇಶ ಗುಂಡಿಯೊಳಗೆ ಮತ್ತೊಮ್ಮೆ ನೋಡಿ, "ಸಾಕಷ್ಟು ಸಾ" ಅಂದ.

ನಾನು ಸಾಕ್ಷಿ ಸಹಿ ಹಾಕಿದೆ. ಅಷ್ಟರಲ್ಲಿ ಜವರಮ್ಮ ಟೀ ತಂದರು. ವಡೆಯೂ ಸಿಕ್ಕಿತ್ತು. ಎಲ್ಲರೂ ತಿಂದೆವು. ಅವರೇ ನಮ್ಮನ್ನು ವಾಪಸು ದಾಟಿಸಿದರು.

ವಾರ ಕಳೆಯುವುದರೊಳಗೆ ಗುಡಿಸಲಿನ ಗೂಟಕ್ಕೆ ನೋಟೀಸು ಅಂಟಿತು. "ಹುರುಳಿತಿಟ್ಟಿನ ಖಾತೆದಾರರಾದ ಶ್ರೀ ನಾಲ್ಕಯ್ಯ ಬಿನ್ ಸಮಾಧಿ ಇವರ ಜಮೀನನ್ನು ಒತ್ತುವರಿ ಮಾಡಿ ಸೌತೆಕಾಯಿ ಬೆಳೆಯುತ್ತಿರುವ ಜವರಮ್ಮ ಕೋಂ ಲೇಟ್ ಕೆಂಪಯ್ಯ ಎಂಬುವವರು ಮುಂಗಾರಿಗೆ ಮುಂಚಿತವಾಗಿ ಸ್ಥಳ ತೆರವು ಮಾಡತಕ್ಕದ್ದು. ಖಾತೆದಾರರು ಶಾಂತಸ್ವಭಾವದವರಾಗಿದ್ದು, ಇದುವರೆಗೆ ತಕರಾರು ಮಾಡದಿರುವುದನ್ನು ದೌರ್ಬಲ್ಯವೆಂದು ಭಾವಿಸಬಾರದು."

ಜವರಮ್ಮ ನೋಟೀಸು ಹಿಡಿದುಕೊಂಡು ನನ್ನ ಮೆಟ್ಟಿಲ ಕೆಳಗೆ ಬಂದರು. ಓದಿ ಹೇಳಿದೆ.

"ಅದ್ಯಾವನಪ್ಪ ನಾಲ್ಕಯ್ಯ? ಮದ್ವೆ ಆಗಿ ಬಂದಾಗಿಂದ ತಿಟ್ನಾಗಿವ್ನಿ, ಒಂದಿನಾನೂ ಕಂಡಿಲ್ಲ."

"ನಿಮ್ಮ ಗುಡಿಸಲ ಪಕ್ಕದಲ್ಲೇ ಇದ್ದರಂತಲ್ಲ ಜವರಕ್ಕ."

"ಪಕ್ಕದಾಗಿದ್ಬುಟ್ಟು ಒಂದು ಮಾತೂ ಆಡ್ನಿಲ್ವಲ್ಲ! ನಮ್ಮೆಜಮಾನ್ರು ಸತ್ತಾಗ್ಲೂ ಬಂದು ಮೊಕ ತೋರುಸ್ನಿಲ್ಲ. ಎಂಥ ಮನ್ಸ ಅವ್ನು?" ಅಂದು ಕಣ್ಣೊರೆಸಿಕೊಂಡರು. ನಾನು ತಕರಾರು ಅರ್ಜಿ ಬರೆದುಕೊಟ್ಟೆ. ಖಾತೆದಾರರು ನೆರೆಹೊರೆಯವರ ಜೊತೆ ಮಾತಾಡುವುದಿಲ್ಲ ಅನ್ನುವುದನ್ನೇ ಮುಖ್ಯ ಆಕ್ಷೇಪಣೆಯಾಗಿ ಹಾಕಿದೆ. ಮೌನ ಅಪರಾಧವಲ್ಲ ಅಂತ ಅದು ವಜಾ ಆಯಿತು.

ಇನ್ನು ಖಾತೆದಾರರು ತೀರಿಕೊಂಡಿದ್ದಾರೆ ಅಂದಮೇಲೆ ವಾರಸುದಾರರು ಬೇಕು. ಕಚೇರಿ ಪ್ರಕಟಣೆ ಹೊರಡಿಸಿತು. ಕಳಲೆಯಿಂದ ಒಂದು ಮನೆತನ ಬಂತು, ಕವಲಂದೆಯಿಂದ ಅಣ್ಣತಮ್ಮಂದಿರು ಬಂದು ಮೆಟ್ಟಿಲ ಮೇಲೇ ಪಾಲಿನ ಬಗ್ಗೆ ಜಗಳ ಆಡಿದರು. ಆದರೆ ಇವರೆಲ್ಲರನ್ನೂ ಹಿಂದಿಕ್ಕಿದವನು ಚಿಕ್ಕಬಸಪ್ಪ.

ಚಿಕ್ಕಬಸಪ್ಪ ಅಂದರೆ ನರಸೀಪುರದ ರಸ್ತೆಯಲ್ಲಿ ದೊಡ್ಡ ಕಲ್ಯಾಣ ಮಂಟಪ ಕಟ್ಟಿಸಿರುವವನು. ತಿಟ್ಟಿನ ಮೇಲೆ ಒಂದು ರೆಸಾರ್ಟ್ ಎಬ್ಬಿಸುವ ಕನಸು ಅವನದು, ನಕ್ಷೆಯೂ ಸಿದ್ಧವಿತ್ತು. ಜವರಮ್ಮನ ಸೌತೆಬಳ್ಳಿ ಇದ್ದ ಕಡೆ ಈಜುಕೊಳ ಅಂತ ಬರೆದಿತ್ತು. ಸುತ್ತಲೂ ಹೊಳೆ ಇರುವಾಗ ಈಜುಕೊಳ ಯಾಕೆ ಅಂತ ನಾನು ಕೇಳಿದ್ದಕ್ಕೆ, "ಹೊಳೆಗೆ ಟಿಕೆಟ್ ಇಡೋಕಾಗಲ್ಲ ಕಣ್ರೀ" ಅಂದ. ಅವನ ಅರ್ಜಿಯನ್ನೂ ನಾನೇ ಬರೆದದ್ದು. ಪಕ್ಷಪಾತ ನನ್ನ ಜಾಯಮಾನದಲ್ಲಿಲ್ಲ.

"ನಾಲ್ಕಯ್ಯನವರು ನಿಮಗೆ ಏನಾಗಬೇಕು?" ಅಂತ ಕೇಳಿದೆ.

"ತಾತ. ತಾತನ ತಾತನ... ನೀವೇ ಒಂದಷ್ಟು ತಾತ ಹಾಕಿ."

"ಆಧಾರ?"

"ಅವರನ್ನ ಹೂತಿದಾರೆ ತಾನೆ? ನಮ್ಮಲ್ಲೂ ಹೂಳೋದೇ. ಸುಟ್ಟಿದ್ರೆ ಬೇರೆ ಮಾತು."

ಇದು ಸಾಲದೆಂದು ಅವನು ಕಾರ್ಯವನ್ನೇ ಮಾಡಿಬಿಟ್ಟ. ನಮ್ಮ ಕಡೆ ಸತ್ತವರ ಆಸ್ತಿಗೆ ಯಾರು ಏನೇ ಹೇಳಲಿ, ಮುಂದೆ ನಿಂತು ತಿಥಿ ಮಾಡಿ ಊರಿಗೆ ಊಟ ಹಾಕಿದವನ ಮಾತಿಗೆ ತೂಕ. ಹೊಳೆಯುದ್ದಕ್ಕೂ ಫ್ಲೆಕ್ಸ್ ನಿಂತವು: 'ಹಿರಿಯ ಚೇತನ ನಾಲ್ಕಯ್ಯನವರ ವೈಕುಂಠ, ಕೈಲಾಸ ಸಮಾರಾಧನೆ'. ಯಾವ ಲೋಕಕ್ಕೆ ಹೋಗಿದ್ದಾರೋ ಖಚಿತವಿಲ್ಲದ್ದರಿಂದ ಎರಡನ್ನೂ ಹಾಕಿಸಿದ್ದ. ಚಿತ್ರದಲ್ಲಿ ಚಿಕ್ಕಬಸಪ್ಪನದೇ ಮುಖ. ಫ್ಲೆಕ್ಸ್ ಅಂಗಡಿಯವನು ಬಿಳಿ ಗಡ್ಡ ಸೇರಿಸಿದ್ದ. ಅವರ ಮನೆಯಲ್ಲಿ ತಲೆ ಬೋಳಿಸುವ ಪದ್ಧತಿ ಇಲ್ಲ. ಆದರೂ ನಾಲ್ಕಯ್ಯನ ಕಾಲದಲ್ಲಿ ಇತ್ತು ಅಂತ ತಲೆ ಮೀಸೆ ಎರಡೂ ಬೋಳಿಸಿಕೊಂಡು ಬಂದ. ಸ್ವಂತ ತಂದೆ ಹೋದಾಗ ಮೀಸೆಗೆ ಕತ್ತರಿ ತಾಗಿಸದಿದ್ದ ಮನುಷ್ಯ! ನೋಡಿದವರಿಗೆ ಕರುಳು ಚುರುಕ್ ಅಂತು. ಕಳಲೆಯವರು, ಕವಲಂದೆಯವರು, ತಗಡೂರಿನವರು, ಸೋತ ವಾರಸುದಾರರು ಕೂಡ, ಪಾಯಸ ಎರಡೆರಡು ಸಲ ಹಾಕಿಸಿಕೊಂಡು ಉಂಡು, "ಮೊಮ್ಮಗ ಅಂದ್ರೆ ಇಂಗಿರ್ಬೇಕು" ಅಂತ ಹರಸಿ ಹೋದರು. ಗುರುಪ್ರಸಾದ್ ಸಾಹೇಬರು ಊಟ ಮುಟ್ಟಲಿಲ್ಲ. ಉಂಡವರ ಹೇಳಿಕೆ ಮಾತ್ರ ಬರೆಸಿಕೊಂಡರು. ಚಿಕ್ಕಬಸಪ್ಪ ಅಧಿಕೃತ ಮೊಮ್ಮಗನಾದ. ಮುಂದಿನ ಸೋಮವಾರ ಎರಡನೇ ಮಹಜರು ನಡೆಸಿ ಸ್ವಾಧೀನ ಬಿಟ್ಟುಕೊಡುವುದು ಅಂತ ನಿಶ್ಚಯವಾಯಿತು.

ಭಾನುವಾರ ಜವರಮ್ಮ ಮತ್ತೆ ಬಂದರು. ಈ ಸಲ ಅಳು ಇರಲಿಲ್ಲ.

"ಅದೇನ್ ಕಾನೂನೋ ಸರ್ಯಾಗಿ ಬುಡ್ಸಿ ಯೋಳಪ್ಪ. ಆ ನಾಲ್ಕಯ್ಯಂಗೆ ಕೊಟ್ರು, ನಂಗೆ ಕೊಡ್ನಿಲ್ಲ. ಅವ್ನು ಏನ್ ಮಾಡವ್ನೆ, ನಾನೇನ್ ಮಾಡಿಲ್ಲ?"

"ಏನೂ ಮಾಡಿಲ್ಲ ಜವರಕ್ಕ, ಅದೇ ಅವನ ಹೆಚ್ಚುಗಾರಿಕೆ. ಪರಿಶೀಲನೆಗೆ ಬಂದಾಗ ಅಲ್ಲೇ ಇದ್ದ. ಎದ್ದು ಹೋಗಲಿಲ್ಲ."

"ನಾನು ಟೀ ತರಕೋದೆ."

"ನೀವು ಟೀ ತರೋಕೆ ಹೋದಿರಿ. ಅವನನ್ನು ಯಾರೂ ಟೀ ತಾ ಅನ್ನಲಿಲ್ಲ."

 ಜವರಮ್ಮ ಸೆರಗು ಕೊಡವಿಕೊಂಡು ಎದ್ದು, "ಆಯ್ತು ಬುಡು. ನಾಳೀಕೆ ನಾನೂ ಏಳದಿಲ್ಲ" ಅಂದರು.

ಸೋಮವಾರ ನಾವು ಚಿಕ್ಕಬಸಪ್ಪನ ಮೋಟಾರು ದೋಣಿಯಲ್ಲಿ ದಾಟಿದೆವು. ನಾನು ಒಂದಿಷ್ಟು ಮುಂಚೆಯೇ ಹೋಗಿದ್ದೆ ಅಂತ ಆಮೇಲೆ ಕೆಲವರು ಹೇಳಿದರು. ಅದಕ್ಕೆ ಆಧಾರವಿಲ್ಲ. ನಾಲ್ಕಯ್ಯನವರ ಪಕ್ಕದಲ್ಲಿ ಹೇಮಲತಾ ಮೇಡಂ ತೋಡಿಸಿ, ಏನೂ ಸಿಗದೆ ಬಿಟ್ಟಿದ್ದ ಒಂದು ಖಾಲಿ ಗುಂಡಿ ಇತ್ತು. ಅದರಲ್ಲಿ ಜವರಮ್ಮ ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿತ್ತು, ಕೈ ನೇರ ಚಾಚಿತ್ತು, ತಲೆಯ ಕೆಳಗೆ ಮಜ್ಜಿಗೆ ಮಡಕೆ. ಗುಂಡಿಯ ಅಂಚಿನಲ್ಲಿ 'ಸಮಾಧಿ-೫' ಅನ್ನುವ ಬೋರ್ಡು ನಿಂತಿತ್ತು. ಮುಂದೆ ಬೇಕಾಗಬಹುದೆಂದು ಬರೆಸಿ ಮೇಡಂ ತಮ್ಮ ಡೇರೆಯಲ್ಲಿಟ್ಟಿದ್ದ ಬೋರ್ಡು ಅದು. ಹೇಗೆ ಅಲ್ಲಿಗೆ ಬಂತೋ ನನಗೆ ತಿಳಿಯದು. ಹಿಂದಿನ ದಿನ ಗಾಳಿ ಜೋರಾಗಿತ್ತು.

"ಸಾ, ಇದು ಜವರಮ್ಮ" ಅಂದ ಅಮೃತೇಶ.

"ಬೋರ್ಡಿನಲ್ಲಿ ಏನಿದೆ?"

"ಸಮಾಧಿ ಐದು ಸಾ."

"ಮತ್ತೆ?"

"ಆದ್ರೆ ಜವರಮ್ಮ ಸಾ. ಉಸಿರಾಡ್ತಾ ಅವ್ರೆ ನೋಡಿ."

ಸಾಹೇಬರು ಮಹಜರಿನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಉಸಿರಾಟಕ್ಕೆ ಕಾಲಂ ಇಲ್ಲ ಕಣ್ರೀ."

ಚಿಕ್ಕಬಸಪ್ಪ ಮುಂದೆ ಬಂದು ಗುಂಡಿಗೆ ಬಗ್ಗಿ ಕೂಗಿದ. "ಏಯ್ ಜವರಿ, ನಾಟ್ಕ ಸಾಕು, ಏಳೆ ಮೇಲೆ!"

ಜವರಮ್ಮ ಏಳಲಿಲ್ಲ. ಒಂದು ಇರುವೆ ಕಚ್ಚಿತು ಅಂತ ಕಾಣುತ್ತದೆ, ಮೊಣಕೈ ಕೆರೆದುಕೊಂಡರು.

"ಕೆರ್ಕೊಂಡ್ಳು! ಕೆರ್ಕೊಂಡ್ಳು ನೋಡಿ ಸಾಹೇಬ್ರೇ! ಸತ್ತೋರು ಕೆರ್ಕೊಳ್ತಾರಾ?"

"ನಿರಂತರ ಸ್ವಾಧೀನಕ್ಕೆ ಕೆರೆತ ಅಡ್ಡಿ ಅಂತ ನಿಯಮದಲ್ಲಿ ಇಲ್ಲ. ಹೇಮಲತಾ ಮೇಡಂ, ಈ ಬೋರ್ಡು ನಿಮ್ಮದೇ?"

ಮೇಡಂ ಬಂದು ನೋಡಿದರು. ಬೋರ್ಡು ನೋಡಿದರು, ಜವರಮ್ಮನನ್ನು ನೋಡಿದರು, ಒಂದು ಕ್ಷಣ ನನ್ನನ್ನೂ ನೋಡಿದರು. "ಬೋರ್ಡು ನಂದೇ. ಆದ್ರೆ ಸಾರ್, ಇದು ಜೀವಂತ ಹೆಂಗಸು."

"ಕಾಲ ನಿರ್ಣಯ ನಿಮ್ಮದು. ಜೀವ ನಿರ್ಣಯ ಕಂದಾಯದವರದು. ಬೋರ್ಡು ನಿಮ್ಮದು ಹೌದಾದರೆ ಬೋರ್ಡಿನ ಮಾತು ನಿಜವೋ, ಸುಳ್ಳೋ ಹೇಳಿ."

"ಸುಳ್ಳು ಅಂದ್ಬುಡಿ ಮೇಡಂ!" ಅಂತ ಚಿಕ್ಕಬಸಪ್ಪ ಕೈ ಮುಗಿದ.

"ಹೇಳಲಿ, ಅಭ್ಯಂತರವಿಲ್ಲ" ಅಂದರು ಸಾಹೇಬರು. "ಆದರೆ ಒಂದು ಬೋರ್ಡು ಸುಳ್ಳು ಅಂದಮೇಲೆ ಅದೇ ಕೈಬರಹದ ಇನ್ನೊಂದು ಬೋರ್ಡನ್ನು ನಾನು ನಂಬುವುದು ಹೇಗೆ? ಐದು ಸುಳ್ಳಾದರೆ ನಾಲ್ಕಯ್ಯನವರೂ ಸುಳ್ಳು. ನಾಲ್ಕಯ್ಯನವರು ಸುಳ್ಳಾದರೆ ಅವರ ಮೊಮ್ಮಗ?"

ಚಿಕ್ಕಬಸಪ್ಪ ತನ್ನ ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿದ. ಮೂರು ಊರಿಗೆ ಹಾಕಿದ ಊಟ ಅವನ ಕಣ್ಮುಂದೆ ಹಾದು ಹೋಗಿರಬೇಕು. "ನಿಜ ಅಂತಾನೇ ಬರ್ಕೊಳ್ಳಿ" ಅಂದ, ಮೆತ್ತಗೆ.

"ನಿಜ" ಅಂದರು ಮೇಡಂ. ಅವರ ತುಟಿಯ ಕೊನೆ ಅಲುಗುತ್ತಿತ್ತು.

"ನಾಲ್ಕಕ್ಕೂ ಐದಕ್ಕೂ ಏನು ಸಂಬಂಧ?"

"ಒಂದೇ ಮನೆಯ ನೆಲದಲ್ಲಿ ಗಂಡು ಹೆಣ್ಣು ಪಕ್ಕಪಕ್ಕ ಇದ್ದರೆ, ಒಂದೇ ಸಂಸಾರ ಇರಬಹುದು ಅಂತ ಊಹಿಸ್ತೀವಿ ಸಾರ್."

"ಊಹೆ ಸಾಕು. ಅಮೃತೇಶ್, ಬರೀರಿ. ಐದಮ್ಮ ಕೋಂ ನಾಲ್ಕಯ್ಯ."

ಇಲ್ಲಿ ಜವರಮ್ಮ ಒಂದು ಕಣ್ಣು ತೆರೆದರು. "ಅಯ್ ಬುಡ್ತು ಅನ್ನಿ ಸಾ! ಎಂಡ್ರು ಅಂತ ಬರ್ಕಬ್ಯಾಡಿ. ನಮ್ಮೆಜಮಾನ್ರು ಕೆಂಪಯ್ಯ, ದ್ಯಾವ್ರಂಥ ಮನ್ಸ. ಈ ಮಾತಾಡ್ದೆ ಇರೋನ ಜೊತೆ ನಾನ್ಯಾಕೆ ಸಂಸಾರ ಮಾಡ್ಲಿ?"

"ಸಮಾಧಿಯಲ್ಲಿರುವವರ ಹೇಳಿಕೆ ಪಡೆಯಲು ಅವಕಾಶವಿಲ್ಲ" ಅಂತ ಸಾಹೇಬರು ಆಕೆಯ ಕಡೆ ನೋಡದೆ ಹೇಳಿದರು. ನಾನು ಗುಂಡಿಯ ಅಂಚಿನಲ್ಲಿ ಕೂತು ಮೆಲ್ಲಗೆ, "ಜವರಕ್ಕ, ಸೌತೆಬಳ್ಳಿ" ಅಂದೆ. ಕಣ್ಣು ಮುಚ್ಚಿಕೊಂಡಿತು.

ಅಷ್ಟರಲ್ಲಿ ಚಿಕ್ಕಬಸಪ್ಪನಿಗೆ ವಿಷಯ ತಲೆಗೆ ಹೋಯಿತು. "ಸಾಹೇಬ್ರೇ, ಹಂಗಾದ್ರೆ ನಾನು?"

"ನೀವು ಮೊಮ್ಮಗ. ಹೆಂಡತಿ ಸ್ಥಳದಲ್ಲೇ ಇರುವಾಗ ಮೊಮ್ಮಗನಿಗೆ ಸರದಿ ಬರೋದಿಲ್ಲ. ಆಕೆಯ ಕಾಲಾನಂತರ ನಿಮಗೆ."

"ಕಾಲಾನಂತರ ಅಂದ್ರೆ ಯಾವಾಗ? ಈಗ್ಲೇ ಸಮಾಧೀಲಿ ಅವ್ಳೆ ಅಲ್ವಾ!"

"ಅದು ಪರಿಶೀಲನೆಯಲ್ಲಿದೆ."

ಜವರಮ್ಮನ ಕೈಗೆ ಹಕ್ಕುಪತ್ರ ಬಂತು. ಹೆಸರು ಐದಮ್ಮ ಅಂತಿತ್ತು; ವಯಸ್ಸಿನ ಕಡೆ 'ಸುಮಾರು ೩೫೦೦, ಹೆಚ್ಚುಕಡಿಮೆ ನೂರು' ಅಂತಿತ್ತು. ಆಕೆ ಅದನ್ನು ಕೆಂಪಯ್ಯನ ಫೋಟೋದ ಮುಂದಿಟ್ಟು, ತಪ್ಪು ತಿಳ್ಕಬ್ಯಾಡಿ, ಜಮೀನಿಗೋಸ್ಕರ ಅಂತ ಕೇಳಿಕೊಂಡರಂತೆ. ಹೇಮಲತಾ ಮೇಡಂ ಪರವಾನಗಿ ಮುಂದುವರಿಯಿತು.

ಚಿಕ್ಕಬಸಪ್ಪ ಒಂದು ವಾರ ಮುಖ ತೋರಿಸಲಿಲ್ಲ. ಆಮೇಲೆ ಹೆಂಡತಿಯನ್ನು ಕರೆದುಕೊಂಡು, ಹೋಳಿಗೆ ಕಟ್ಟಿಸಿಕೊಂಡು ತಿಟ್ಟಿಗೆ ಬಂದ. ಜವರಮ್ಮನ ಕಾಲಿಗೆ ಬಿದ್ದು, "ಅಜ್ಜೀ, ಆಶೀರ್ವಾದ ಮಾಡಿ" ಅಂದ. ಯೋಚನೆ ಮಾಡಿದರೆ ಅವನದೂ ಸರಿಯೇ. ಆ ನೆಲ ಈಗ ಅವನಿಗೆ ಬರಬೇಕಾದರೆ ಅಜ್ಜಿಯ ಮೂಲಕವೇ ಬರಬೇಕು. ಅಜ್ಜಿಯ ಸ್ವಾಧೀನ ಒಂದು ದಿನ ಮುರಿದರೂ ಮೊಮ್ಮಗನ ರೆಸಾರ್ಟ್ ಮುರಿದಂತೆಯೇ. ಜವರಮ್ಮ ಬೇಗ ಒಗ್ಗಿಕೊಂಡರು. "ಮೊಮ್ಮಗ್ನೆ, ಬಳ್ಳಿಗೆ ನಾಲ್ಕು ಕೊಡ ನೀರ್ ಉಯ್ದು ಓಗ್ಲಾ" ಅನ್ನುತ್ತಿದ್ದರು. ಈಜುಕೊಳದ ಜಾಗಕ್ಕೆ ಅವನೇ ನೀರು ಹೊಯ್ಯುತ್ತಿದ್ದ. ಹೊಳೆಯ ಎರಡೂ ದಡದಲ್ಲಿ ಇದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ. ತಿಥಿ ಊಟ ಉಂಡವರಿಗೆ ಸಂಬಂಧ ಗೊತ್ತೇ ಇತ್ತು.

ಮೊನ್ನೆ ತಗಡೂರಿನಲ್ಲಿ ಜವರಮ್ಮನ ಮೊಮ್ಮಗಳು ರಮ್ಯಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೋಗಲೇಬೇಕು. ಬಿಟ್ಟು ಹೋದರೆ ನಿಯಮ ಏಳು. ಚಿಕ್ಕಬಸಪ್ಪ ಗಾಬರಿಯಾಗಿ ಕಚೇರಿಗೆ ಓಡಿ ಬಂದ. ಗುರುಪ್ರಸಾದ್ ಸಾಹೇಬರು ಪುಸ್ತಕ ತೆಗೆದು ನಿಯಮ ಹದಿನಾಲ್ಕು ತೋರಿಸಿದರು: "ಖಾತೆದಾರರು ಅನಿವಾರ್ಯವಾಗಿ ಗೈರುಹಾಜರಾದಲ್ಲಿ, ಅದೇ ಕುಟುಂಬದ ಸದಸ್ಯರೊಬ್ಬರು ಅದೇ ಸ್ಥಳದಲ್ಲಿ, ಅದೇ ಭಂಗಿಯಲ್ಲಿ ಸ್ವಾಧೀನ ಮುಂದುವರಿಸತಕ್ಕದ್ದು."

ಈಗ ಚಿಕ್ಕಬಸಪ್ಪ ಸಮಾಧಿ ಐದರಲ್ಲಿ ಮಲಗಿದ್ದಾನೆ. ಕೊಡೆ ಕಟ್ಟಿಕೊಟ್ಟಿದ್ದಾರೆ. ಕಲ್ಯಾಣ ಮಂಟಪದ ಬುಕಿಂಗನ್ನು ಅಲ್ಲಿಂದಲೇ ಫೋನಿನಲ್ಲಿ ನೋಡಿಕೊಳ್ಳುತ್ತಾನೆ. ಅಡುಗೆಯವರು ಗುಂಡಿಯ ಅಂಚಿನಲ್ಲಿ ಕೂತು ಅಡ್ವಾನ್ಸ್ ಕೇಳುತ್ತಾರೆ. ಹೇಮಲತಾ ಮೇಡಂ ಕಡೆಯವರು ಬೆಳಿಗ್ಗೆ ನಾಲ್ಕಯ್ಯನವರ ಮೇಲಿನ ಧೂಳನ್ನು ಬ್ರಷ್ಷಿನಲ್ಲಿ ತೆಗೆದಮೇಲೆ, ಪಕ್ಕಕ್ಕೆ ಬಂದು ಇವನ ಮೇಲಿನ ಧೂಳನ್ನೂ ತೆಗೆಯುತ್ತಾರೆ. ಮೂಗಿನ ಹತ್ತಿರ ಬಂದಾಗ ಸೀನುತ್ತಾನೆ. ಸೀನಿಗೂ ಕಾಲಂ ಇಲ್ಲ.

ನಿನ್ನೆ ಮೈಸೂರಿನ ಯಾವುದೋ ಕಾಲೇಜಿನಿಂದ ಹುಡುಗಿಯರ ತಂಡವೊಂದು ನೆಲೆ ನೋಡಲು ಬಂದಿತ್ತು. ಅವರ ಮೇಷ್ಟ್ರಮ್ಮ ಗುಂಡಿಯಿಂದ ಗುಂಡಿಗೆ ನಡೆಯುತ್ತ, ಐದರ ಹತ್ತಿರ ನಿಂತು, ಬೋರ್ಡು ಓದಿ, ಕೆಳಗೆ ಬಗ್ಗಿ ನೋಡಿ, ಗೌರವದಿಂದ ಚಪ್ಪಲಿ ಬಿಟ್ಟು ಕೇಳಿದರು: "ಇವರು ಯಾವ ಕಾಲದವರು?"

ಚಿಕ್ಕಬಸಪ್ಪ ಕಣ್ಣು ತೆರೆಯದೆ ಹೇಳಿದ. "ನವಶಿಲಾಯುಗ ಕಣಮ್ಮ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗಾಳಿ ಬರ್ತಿಲ್ಲ."

ಹುಡುಗಿಯರು ಸರಿದು ನಿಂತು, ಹೇಳಿದ್ದನ್ನು ಬರೆದುಕೊಂಡರು.